ತಣ್ಣಗಿದ್ದ ಕೂಲರ್, ಕೆಟ್ಟುಹೋದ ಅಕ್ಕಿಕಾಳು

ಎರಡು ತಾಸಿನ ಮದುವೆಯನ್ನು ಸೀಡಿಗೆ ಇಳಿಸಲು ನಮ್ಮ ಮನೆಯ ಕಂಪ್ಯೂಟರಿಗೆ ಒಂದಿಡೀ ಹಗಲು ಬೇಕಾಗುತ್ತಿತ್ತು, ಅದೂ ನಡುವೆ ಕರೆಂಟು ಹೋಗದಿದ್ದರೆ. ಗದಗ ಹೊಸ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಲಕ್ಷ್ಮೇಶ್ವರದ ನಮ್ಮ ಓಣಿಯ ಕರೆಂಟು ಮಾತ್ರ ಹಳೆಯ ಜಿಲ್ಲೆಯದೇ ಇತ್ತು. ಮುಂಜಾನೆ ಕೊಟ್ಟರೆ ಮಧ್ಯಾಹ್ನ ತೆಗೆಯುತ್ತಿದ್ದರು. ಯುಪಿಎಸ್ ಸ್ವಲ್ಪ ಹೊತ್ತು ಕುಂಯ್‌ಗುಟ್ಟಿ ಕೈಚೆಲ್ಲುತ್ತಿತ್ತು. ಅಲ್ಲಿಯವರೆಗೆ ತಯಾರಾದದ್ದೆಲ್ಲ ಹೋಗಿ ಮತ್ತೆ ಮೊದಲಿನಿಂದ ಶುರು.

ಮದುವೆಗಳ ವಿಡಿಯೋ ತೆಗೆಯುವುದು ನನ್ನ ಗಂಡನ ಕೆಲಸ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಬೇಡದ್ದನ್ನು ಕತ್ತರಿಸಿ, ಹಾಡು ಕೂಡಿಸಿ, ಸೀಡಿ ಮಾಡಿ ಕೊಡುವುದು ನನ್ನದು. ಅಡುಗೆಮನೆಯ ಪಕ್ಕದ ಕೋಣೆಯಲ್ಲೇ ನನ್ನ ಕಾರ್ಖಾನೆ. ಆ ವರ್ಷ ಮದುವೆಗಳು ಒತ್ತೊತ್ತಾಗಿ ಬಂದವು. ತುಂಡು ತುಂಡಾಗಿ ತಯಾರಿಸಿ ಜೋಡಿಸಿ ನೋಡಿದೆ. ಜೋಡಿಸಿದಲ್ಲೆಲ್ಲ ಹಾಡು ಎಡವುತ್ತಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಅಂಗಡಿಯಲ್ಲಿ ಕುಳಿತು ಓದಿದಾಗ ಓವರ್‌ಕ್ಲಾಕಿಂಗ್ ಎಂಬ ಉಪಾಯ ಗೊತ್ತಾಯಿತು. ಪ್ರೊಸೆಸರನ್ನು ಅದರ ಮೇಲೆ ಬರೆದ ವೇಗಕ್ಕಿಂತ ಜೋರಾಗಿ ಓಡಿಸುವುದು. ಕಂಪ್ಯೂಟರ್ ಶುರುವಾಗುವಾಗ ಒಂದು ಕೀಲಿ ಒತ್ತಿದರೆ ನೀಲಿ ಪರದೆ ಬರುತ್ತದೆ. ಅಲ್ಲಿ ಒಂದು ಅಂಕಿಯನ್ನು ಏರಿಸಬೇಕು, ಅಷ್ಟೇ. ಏರಿಸಿದೆ. ಕೆಲಸ ಜೋರಾಯಿತು, ಅದರ ಜೊತೆಗೆ ಕಾವೂ ಏರಿತು. ಪ್ರೊಸೆಸರಿನ ಮೇಲೆ ಕಂಪನಿಯವರೇ ಕೂಡಿಸಿ ಕೊಟ್ಟ ಸಣ್ಣ ಕೂಲರ್ ಇತ್ತು: ಅಲ್ಯುಮಿನಿಯಂ ಪಟ್ಟಿಗಳ ಒಂದು ಗಟ್ಟಿ, ಅದರ ನೆತ್ತಿಗೆ ಫ್ಯಾನು. ಆ ಪಟ್ಟಿಗಳಿಗೆ ಬೆರಳು ತಾಗಿಸಿದರೆ ಚುರ್ ಎನ್ನುತ್ತಿತ್ತು. ಪರದೆಯ ಮೂಲೆಯ ಉಷ್ಣತೆಯ ಅಂಕಿ ಎಪ್ಪತ್ತು ದಾಟುತ್ತಲೇ ಯಂತ್ರ ತಾನಾಗಿ ಆರಿಹೋಗುತ್ತಿತ್ತು. ದೊಡ್ಡ ಕೂಲರ್ ಇಲ್ಲದೆ ಈ ಉಪಾಯ ನಡೆಯುವುದಿಲ್ಲ ಎಂದು ತಿಳಿಯಿತು.

ಗದಗಿನಲ್ಲಿ ಕಂಪ್ಯೂಟರಿನ ಬಿಡಿಭಾಗ ಮಾರುವ ಒಬ್ಬರಿದ್ದರು. ಬಸ್ಸು ಹಿಡಿದು ಅವರ ಅಂಗಡಿಗೆ ಹೋದೆ. ಕೂಲರ್ ಬೇಕು ಎಂದೆ.

"ನೀರು ಹಾಕೂದೇನ್ರಿ ಅಕ್ಕಾರ? ಅದು ಬಾಜೂ ಅಂಗಡ್ಯಾಗ."

"ಪ್ರೊಸೆಸರ್‌ದು ಬೇಕ್ರಿ ಅಣ್ಣಾರ. ಕಂಪನಿದಲ್ಲ, ಅದಕ್ಕಿಂತ ದೊಡ್ಡದು."

ಅವರು ನನ್ನನ್ನೊಮ್ಮೆ ನೋಡಿ, ಒಳಗಿನಿಂದ ಎರಡು ಡಬ್ಬಿ ತಂದಿಟ್ಟರು. ಮೊದಲನೆಯದು ಪೂರ್ತಿ ತಾಮ್ರದ್ದು. ಪಟ್ಟಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಎತ್ತಿದರೆ ಕೈ ಜಗ್ಗುವಷ್ಟು ಭಾರ. ಎರಡನೆಯದರ ಪಟ್ಟಿಗಳು ಅಲ್ಯುಮಿನಿಯಂ, ಪ್ರೊಸೆಸರಿಗೆ ತಾಗುವ ತಳ ಮಾತ್ರ ತಾಮ್ರ. ಅದರ ಫ್ಯಾನು ಅಗಲವಾಗಿತ್ತು.

"ನನ್ನ ಮಾತು ಕೇಳ್ರಿ, ಈ ತಾಂಬ್ರದ್ದು ಒಯ್ರಿ," ಎಂದರು ಅವರು. "ಇಂಥಾದ್ದು ಗದಗಿನ್ಯಾಗ ಇನ್ನೊಬ್ಬರ ಕಡೆ ಇಲ್ಲ. ಹುಬ್ಬಳ್ಳಿಗಿ ಹೋದ್ರೂ ಸಿಗೂದಿಲ್ಲ."

ಅವರು ಅದನ್ನು ಹೊಗಳಿದಷ್ಟೂ ನನಗೆ ಅನುಮಾನ ಹೆಚ್ಚಾಯಿತು. ತಾಮ್ರ ಅಷ್ಟು ಹೊಳೆಯುವುದನ್ನು ನಾನು ನೋಡಿರಲಿಲ್ಲ. ಒಳಗೆ ಏನನ್ನೋ ತುಂಬಿ ಮೇಲೆ ಬಣ್ಣ ಕೊಟ್ಟಿದ್ದರೆ? ನನ್ನ ಹತ್ತಿರವಿದ್ದ ಪಿನ್ನು ತೆಗೆದು, ಒಂದು ಪಟ್ಟಿಯ ಅಂಚನ್ನು ಗೀರಿ ನೋಡಲೇ ಎಂದು ಕೇಳಿದೆ.

"ಗೀರಿದ ಮ್ಯಾಲ ನೀವು ಬ್ಯಾಡಂದ್ರ ಅದನ್ನ ಯಾರಿಗಿ ಮಾರ್ಲಿ?" ಎಂದು ಅವರು ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು.

ಅಲ್ಲಿಗೆ ನನ್ನ ಸಂಶಯ ಖಚಿತವಾಯಿತು. ಇನ್ನೊಂದು ಕಾರಣವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡೆ: ಕೂಲರನ್ನು ಹಿಡಿದುಕೊಳ್ಳುವುದು ಪ್ಲಾಸ್ಟಿಕ್ಕಿನ ಎರಡು ಹಲ್ಲು. ನಿಲ್ಲಿಸಿಟ್ಟ ಕಂಪ್ಯೂಟರ್ ಡಬ್ಬಿಯಲ್ಲಿ ಇಷ್ಟು ಭಾರ ಜೋತುಬಿದ್ದರೆ ಹಲ್ಲು ಮುರಿಯಬಹುದು. ಅಲ್ಯುಮಿನಿಯಂ ಪಟ್ಟಿಯದನ್ನೇ ಕೊಡಿ ಎಂದೆ. ಅವರು ಹೆಗಲು ಹಾರಿಸಿದರು. ಜೊತೆಗೆ ಕಾವು ದಾಟಿಸುವ ಬಿಳಿ ಪೇಸ್ಟಿನ ಸಣ್ಣ ಕೊಳವೆ ಕೊಟ್ಟರು.

ಮನೆಗೆ ಬಂದು ಹಳೆಯದನ್ನು ಬಿಚ್ಚಿದೆ. ಪ್ರೊಸೆಸರಿನ ನಡುವೆ ಕೂಲರ್ ತಾಗುವ ಕರಿಯ ಚೂರನ್ನು ಸ್ಪಿರಿಟಿನಲ್ಲಿ ಒರೆಸಿ, ಅಕ್ಕಿಕಾಳಿನಷ್ಟು ಪೇಸ್ಟು ಇಟ್ಟು, ಹೊಸದನ್ನು ಕೂಡಿಸಿದೆ. ಸ್ಕ್ರೂ ಡ್ರೈವರಿನಿಂದ ಕ್ಲಿಪ್ಪು ಒತ್ತುವಾಗ ಎಲ್ಲಿ ಜಾರಿ ಬೋರ್ಡು ಸೀಳೀತೋ ಎಂದು ಇನ್ನೊಂದು ಕೈ ಅಡ್ಡ ಹಿಡಿದಿದ್ದೆ. ಯಂತ್ರ ಶುರುವಾಯಿತು. ವೇಗ ಏರಿಸಿ ಒಂದು ತಾಸು ಓಡಿಸಿದರೂ ಅಂಕಿ ಐವತ್ತರ ಮೇಲೆ ಹೋಗಲಿಲ್ಲ. ಪಟ್ಟಿಗಳನ್ನು ಮುಟ್ಟಿದೆ, ತಣ್ಣಗಿದ್ದವು.

"ಆತಲ್ಲ?" ಎಂದರು ನನ್ನ ಗಂಡ. "ಇನ್ನೇನು ಸಂಶೆ ನಿನಗ?"

ಮುಂಡರಗಿಯ ಮದುವೆಯ ಸೀಡಿಗಳನ್ನು ಆ ವಾರವೇ ತಯಾರಿಸಿದೆ. ಕರೆಂಟು ಹೋಗುವ ಮೊದಲೇ ಒಂದೊಂದು ಸೀಡಿ ಮುಗಿಯುತ್ತಿತ್ತು. ರೂಢಿಯಂತೆ ಅಲ್ಲಲ್ಲಿ ಓಡಿಸಿ ನೋಡಿ, ಮದುಮಗಳ ತಂದೆಗೆ ಕಳಿಸಿಕೊಟ್ಟೆವು. ಡಿಸ್ಕಿನಲ್ಲಿ ಜಾಗ ಸಾಲದೆ ಆ ಮದುವೆಯ ಫೈಲುಗಳನ್ನು ಅಳಿಸಿದೆ. ಕ್ಯಾಸೆಟ್ಟುಗಳು ಮುಂದಿನ ಕೆಲಸಕ್ಕೆಂದು ಗಂಡನ ಚೀಲ ಸೇರಿದವು.

ಕೆಲವು ದಿನಗಳ ಮೇಲೆ ಮದುಮಗಳ ತಂದೆ ಮುಂಡರಗಿಯಿಂದ ಬಸ್ಸು ಹತ್ತಿ ಬಂದರು. ತಲೆಗೆ ರುಮಾಲು, ಕೈಯಲ್ಲಿ ನಾವು ಕೊಟ್ಟ ಸೀಡಿ. ಕುಂಡ್ರಿ ಎಂದರೂ ಕೂಡಲಿಲ್ಲ.

"ಇದನ್ನ ಹಚ್ಚಿ ನೋಡ್ರಿ," ಎಂದರು. "ಅಕ್ಕಿಕಾಳು ಬೀಳೂ ಹೊತ್ತಿಗಿ ನೋಡ್ರಿ."

ಹಚ್ಚಿದೆ. ಮಂಗಳಾಷ್ಟಕ ನಡೆದಿತ್ತು. ಜನ ಅಕ್ಷತೆಯ ಅಕ್ಕಿಕಾಳು ಹಾಕಲು ಕೈ ಎತ್ತಿದ್ದರು. ಅಷ್ಟರಲ್ಲಿ ಚಿತ್ರ ಗಕ್ಕನೆ ನಿಂತಿತು. ವಾದ್ಯದ ಸದ್ದು ಮುಂದುವರಿಯಿತು. ಪರದೆಯ ತುಂಬ ಹಸಿರು, ಕಂದು ಚೌಕಗಳು ಎದ್ದವು. ಚಿತ್ರ ಸರಿಯಾಗುವ ಹೊತ್ತಿಗೆ ಜನ ಊಟದ ಪಂಕ್ತಿಯಲ್ಲಿದ್ದರು.

"ಅಲ್ಲಿ ನನ್ನ ತಮ್ಮ ಇದ್ದ," ಎಂದರು ಅವರು. "ಹೊಂಬಳದಾಗ ಇರ್ತಾನ. ಹೊಲದ ಬದುವಿನ ಜಗಳದಾಗ ಭಾಳ ವರ್ಷ ನಮ್ಮ ಹೊಸ್ತಿಲಾ ತುಳದಿದ್ದಿಲ್ಲ. ಮಗಳು ಹೋಗಿ ಕರದಳು, ಬಂದ. ಅಕ್ಕಿಕಾಳು ಹಾಕಿದ. ಈಗ ಸೀಡಿಯೊಳಗ ಅವ ಒಬ್ಬನ ಇಲ್ಲ. ಅವನ ಚಿತ್ರ ನಾನ ತೆಗಸೀನಿ ಅಂತಾನ. ಕರದು ಅವಮಾನ ಮಾಡಿದಿ ಅಂತಾನ."

ಅವರು ದನಿ ತಗ್ಗಿಸಿ ಕೇಳಿದರು: "ಖರೆ ಹೇಳ್ರಿ ಅಕ್ಕಾರ. ಯಾರು ಹೇಳಿದ್ರು ನಿಮಗ, ತೆಗೀರಿ ಅಂತ?"

ಯಾರೂ ಹೇಳಿಲ್ಲ, ಯಂತ್ರ ಕೈಕೊಟ್ಟಿದೆ ಎಂದೆ. ಆ ಮಾತು ನನಗೇ ಸಪ್ಪೆಯಾಗಿ ಕೇಳಿಸಿತು. ಎರಡು ತಾಸಿನ ಮದುವೆಯಲ್ಲಿ ಯಂತ್ರ ಆ ಒಬ್ಬನನ್ನೇ ಹುಡುಕಿ ಕೈಕೊಟ್ಟಿತೆಂದರೆ ಯಾರು ನಂಬುತ್ತಾರೆ? ಸ್ವಲ್ಪ ದಿನ ಕೊಡಿ, ಸರಿ ಮಾಡಿಸಿ ಕಳಿಸುತ್ತೇನೆ ಎಂದೆ. ನೀರು ಕೂಡ ಕುಡಿಯದೆ ಅವರು ಹೊರಟುಹೋದರು.

ಮೊದಲು ಕ್ಯಾಸೆಟ್ಟಿನ ಮೇಲೆ ಅನುಮಾನ ಬಂತು. ಗಂಡನನ್ನು ಕೇಳಿದೆ. ಅವರ ಮುಖ ಸಣ್ಣದಾಯಿತು. "ಅದರ ಮ್ಯಾಲ ಶಿಗ್ಲಿಯ ಮನಿ ಪ್ರವೇಶ ತೆಗದೀನಿ," ಎಂದರು. ಕೂಡಲೇ ಕ್ಯಾಸೆಟ್ಟನ್ನು ಕ್ಯಾಮರಾಕ್ಕೆ ಹಾಕಿ, ಕ್ಯಾಮರಾವನ್ನು ಟೀವಿಗೆ ಜೋಡಿಸಿದೆವು. ಶಿಗ್ಲಿಯ ಮನೆ, ಹೊಸ ಬಾಗಿಲಿನ ತೋರಣ, ಹಾಲು ಉಕ್ಕಿಸುವ ಹೆಂಗಸರು. ನಾನು ಉಗುರು ಕಚ್ಚುತ್ತ ಕೂತಿದ್ದೆ. ಆಮೇಲೆ ಚಿತ್ರ ಕುಲುಕಿ, ಮುಂಡರಗಿಯ ಮಂಟಪ ಬಂತು. ಅಕ್ಕಿಕಾಳಿನ ಭಾಗ ಕ್ಯಾಸೆಟ್ಟಿನ ಕೊನೆಯ ಅರ್ಧದಲ್ಲಿತ್ತು. ಶಿಗ್ಲಿಯ ಮನೆ ಅಲ್ಲಿಯವರೆಗೆ ಬಂದಿರಲಿಲ್ಲ. ಚಿತ್ರದಲ್ಲಿ ಒಂದು ಚೌಕವೂ ಇರಲಿಲ್ಲ.

ಹಾಗಾದರೆ ತಪ್ಪು ಯಂತ್ರದ್ದು. ಆದರೆ ಎಲ್ಲಿ? ಅಷ್ಟೇ ಭಾಗವನ್ನು ಮತ್ತೆ ಕಂಪ್ಯೂಟರಿಗೆ ಇಳಿಸಿ, ಏರಿಸಿದ ವೇಗದಲ್ಲಿ ಸತತ ಎರಡು ಸಲ ತಯಾರಿಸಿದೆ. ಮೊದಲ ಸಲ ಚೌಕಗಳು ವಾದ್ಯದವರ ಮೇಲೆ ಎದ್ದವು. ಎರಡನೆಯ ಸಲ ಹೆಂಗಸರ ಸಾಲಿನ ಮೇಲೆ. ಒಂದೇ ಚಿತ್ರ, ಬೇರೆ ಬೇರೆ ಕಡೆ ಕೆಡುತ್ತಿತ್ತು. ವೇಗವನ್ನು ಮೊದಲಿನ ಅಂಕಿಗೆ ಇಳಿಸಿ ಮಾಡಿದೆ. ಎಲ್ಲೂ ಕೆಡಲಿಲ್ಲ. ಇದು ಕಾವಿನ ಲಕ್ಷಣ. ಆದರೆ ಪರದೆಯ ಅಂಕಿ ಐವತ್ತನ್ನೇ ತೋರಿಸುತ್ತಿತ್ತು, ಪಟ್ಟಿಗಳು ತಣ್ಣಗೇ ಇದ್ದವು.

ಆ ತಣ್ಣಗಿನ ಪಟ್ಟಿಗಳ ಮೇಲೆ ಬೆರಳಿಟ್ಟುಕೊಂಡು ಕೂತಾಗ ನನಗೆ ಹೊಳೆಯಿತು. ಒಲೆ ಉರಿಯುತ್ತಿದ್ದು, ಮೇಲಿನ ಹಂಚು ತಣ್ಣಗಿದ್ದರೆ ಹಂಚು ಒಲೆಗೆ ತಾಗಿಲ್ಲ ಎಂದೇ ಅರ್ಥ. ಕಾವು ಪ್ರೊಸೆಸರಿನಲ್ಲೇ ಉಳಿದಿದೆ, ಪಟ್ಟಿಗಳಿಗೆ ಏರುತ್ತಿಲ್ಲ. ಹಾಗಾದರೆ ಅಂಕಿ ಯಾಕೆ ಇಳಿಯಿತು? ಅದನ್ನು ಅಳೆಯುವುದು ಪ್ರೊಸೆಸರಿನ ಕೆಳಗೆ, ಸಾಕೆಟ್ಟಿನ ನಡುವೆ ತಲೆಯೆತ್ತಿ ನಿಂತ ಮಣಿಯಂಥ ಸಣ್ಣ ಸೆನ್ಸರು. ಹೊಸ ಫ್ಯಾನಿನ ಗಾಳಿ ಅಗಲವಾಗಿ ಬೀಸಿ ಬೋರ್ಡಿಗೆ ಬಡಿದು ಆ ಮಣಿಯನ್ನು ತಂಪು ಮಾಡುತ್ತಿತ್ತು. ಅಂಕಿ ಹೇಳುತ್ತಿದ್ದುದು ಗಾಳಿಯ ಸುದ್ದಿಯನ್ನು. ಪ್ರೊಸೆಸರಿನ ಸಂಕಟ ಅದಕ್ಕೆ ಗೊತ್ತಾಗುತ್ತಿರಲಿಲ್ಲ.

ಕೂಲರನ್ನು ಬಿಚ್ಚಿದೆ. ಪೇಸ್ಟು ನಡುವೆ ದಪ್ಪಗೆ, ಇಟ್ಟಂತೆಯೇ ಉಳಿದಿತ್ತು. ಸರಿಯಾಗಿ ಒತ್ತಿದ್ದರೆ ಅದು ತೆಳ್ಳಗೆ ಹರಡಬೇಕಿತ್ತು. ಸ್ಟೀಲಿನ ಸ್ಕೇಲನ್ನು ಕೂಲರಿನ ತಳಕ್ಕೆ ಅಡ್ಡ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದೆ. ಸ್ಕೇಲಿನ ಕೆಳಗೆ ನಡುವೆ ಬೆಳಕಿನ ಎಳೆ ಕಂಡಿತು. ತಳ ತಗ್ಗಾಗಿತ್ತು.

ಇದಕ್ಕೆ ಉಪಾಯವುಂಟು. ಗಾಡಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರ್ ಎಂಬ ನಯವಾದ ಉಜ್ಜುಕಾಗದವನ್ನು ಗಾಜಿನ ಮೇಲೆ ಅಂಟಿಸಿ, ನೀರು ಚಿಮುಕಿಸಿ, ತಳವನ್ನು ತಿಕ್ಕಿ ಸಮ ಮಾಡುವುದು. ಹಳೆಯ ಕನ್ನಡಿಯೊಂದನ್ನು ಮಲಗಿಸಿ ತಿಕ್ಕತೊಡಗಿದೆ. ಸ್ವಲ್ಪ ಹೊತ್ತಿನಲ್ಲೇ ತಳದ ಅಂಚಿನಲ್ಲಿ ಕೆಂಪು ಹೋಗಿ ಬಿಳುಪು ಕಂಡಿತು. ಇನ್ನಷ್ಟು ತಿಕ್ಕಿದೆ. ಬಿಳುಪು ಅಗಲವಾಯಿತು. ತಾಮ್ರದ ತಳವೇ ಇರಲಿಲ್ಲ, ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ.

ಮರುದಿನ ಆ ಕೂಲರನ್ನು ಚೀಲಕ್ಕೆ ಹಾಕಿಕೊಂಡು ಗದಗಿಗೆ ಹೋದೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅಂಗಡಿಯವರು ಅದನ್ನು ತಿರುಗಿಸಿ ನೋಡಿದರು.

"ಇದು ನಂದಲ್ಲ," ಎಂದರು.

"ನಿಮ್ಮ ಕಡೆನ ತಗೊಂಡಿದ್ದು."

"ನಾ ಕೊಟ್ಟಿದ್ದು ತಾಂಬ್ರದ ತಳದ್ದು. ನೀವು ಬ್ಯಾರೆ ಕಡೆಯಿಂದ ಬದಲಿ ಮಾಡ್ಕೊಂಡು ಬಂದು ನನ್ನ ಕೇಳಾಕ್ಹತ್ತೀರಿ. ಮೊದಲ ದಿನಾನ ಪಿನ್ನು ಹಿಡ್ಕೊಂಡು ಬಂದಿದ್ರಿ, ಆವಾಗ್ಲೇ ನನಗ ಅನ್ನಿಸಿತ್ತು."

ಅಲ್ಲಿಯವರೆಗೆ ಅನುಮಾನ ಪಡುವ ಹಕ್ಕು ನನ್ನೊಬ್ಬಳದೇ ಎಂದುಕೊಂಡಿದ್ದೆ. ಅವರೂ ಮೊದಲ ದಿನವೇ ನನ್ನನ್ನು ಅದೇ ಕಣ್ಣಿನಿಂದ ನೋಡಿದ್ದರು.

"ಇಂಥಾದ್ದ ಇನ್ನೊಂದು ಐತೇನ್ರಿ?" ಎಂದೆ. "ಸೀಲ್ ಒಡೀಲಾರದ್ದು?"

ಇತ್ತು. ಮುಟ್ಟಬೇಡಿ ಎಂದು ನನಗೆ ಹೇಳಿ, ಅವರೇ ಡಬ್ಬಿಯ ಸೀಲು ಒಡೆದರು. ಚೀಲದಿಂದ ವಾಟರ್ ಪೇಪರ್ ತೆಗೆದು ಅವರ ಮುಂದಿಟ್ಟೆ. ಮೇಜಿನ ಗಾಜಿನ ಮೇಲೆ ಅವರೇ ಹಾಕಿ ತಿಕ್ಕಿದರು. ಮೊದಮೊದಲು ಅಸಡ್ಡೆಯಿಂದ, ಆಮೇಲೆ ಜೋರಾಗಿ. ಕೆಂಪು ಸರಿದು ಬಿಳುಪು ಕಂಡಾಗ ಕೈ ನಿಲ್ಲಿಸಿದರು.

ಅವರು ನನ್ನ ಕಡೆ ನೋಡಲಿಲ್ಲ. ಎದ್ದು ಹೋಗಿ ಆ ಮೊದಲಿನ ಭಾರದ ಕೂಲರನ್ನು ತಂದರು. ನಾನು ಕೇಳುವ ಮೊದಲೇ ಕತ್ತರಿಯ ತುದಿಯಿಂದ ಅದರ ಪಟ್ಟಿಯನ್ನು ಆಳವಾಗಿ ಗೀರಿದರು. ಗೀರಿದ ಗೆರೆಯೊಳಗೂ ಕೆಂಪು. ತಳವನ್ನು ತಿಕ್ಕಿದರು. ಅಲ್ಲಿಯೂ ಕೆಂಪು. ನಾನು ಸಂಶಯಪಟ್ಟು ಬಿಟ್ಟುಹೋಗಿದ್ದೇ ಅಸಲಿಯಾಗಿತ್ತು.

"ಎರಡೂ ಒಬ್ಬನ ಕಡೆಯಿಂದನ ತಂದಿದ್ದೆ," ಎಂದರು ಅವರು. "ಇದು ಖರೇ ಇತ್ತು ಅಂತ ಅದನ್ನೂ ನಂಬಿದೆ. ಇದನ್ನ ಒಯ್ರಿ. ಅದನ್ನ ಇಲ್ಲೇ ಬಿಡ್ರಿ, ನಾನ ಒಯ್ದು ಅವನ ಮುಂದ ಇಡಬೇಕು."

"ಭಾರ ಭಾಳ ಆತಲ್ರಿ. ಹಲ್ಲು ತಡೀತಾವೇನು?"

"ಕಂಪ್ಯೂಟರ್ ಡಬ್ಬಿ ಅಡ್ಡ ಮಲಗಸ್ರಿ. ಆಗ ಜೋತು ಬೀಳೂದಿಲ್ಲ, ಮ್ಯಾಲ ಕುಂತಂಗ ಆಗ್ತೈತಿ."

ಹಾಗೆಯೇ ಮಾಡಿದೆ. ಮೊದಲು ಸ್ಕೇಲು ಹಿಡಿದು ತಳ ಸಮವಿದೆಯೇ ನೋಡಿದೆ. ಕೂಡಿಸಿ, ಮತ್ತೆ ಬಿಚ್ಚಿ, ಪೇಸ್ಟು ತೆಳ್ಳಗೆ ಹರಡಿದೆಯೇ ನೋಡಿ, ಮತ್ತೆ ಕೂಡಿಸಿದೆ. ಅಂಕಿಯನ್ನು ನಂಬದೆ ಪಟ್ಟಿಗಳಿಗೆ ಬೆರಳು ಹಚ್ಚಿದೆ. ಈ ಸಲ ಬೆಚ್ಚಗಾಗುತ್ತ ಬಂದವು. ಕಾವು ಮೇಲೇರುತ್ತಿತ್ತು. ಏರಿಸಿದ ವೇಗದಲ್ಲೇ ಆ ಅಕ್ಕಿಕಾಳಿನ ಭಾಗವನ್ನು ಮತ್ತೆ ಮತ್ತೆ ತಯಾರಿಸಿದೆ. ಒಮ್ಮೆಯೂ ಕೆಡಲಿಲ್ಲ.

"ಇನ್ನ ಸೀಡಿ ಮಾಡಿ ಕಳಿಸಿಬಿಡು," ಎಂದರು ಗಂಡ.

ಕಳಿಸಬಹುದಿತ್ತು. ಆದರೆ ಹೊಂಬಳದ ಆ ತಮ್ಮ ಏನೆಂದಾರು ಎಂಬುದು ನನಗೆ ಕೇಳಿಸುವಂತಿತ್ತು: ಜಗಳ ಮಾಡಿದ ಮೇಲೆ ಸೇರಿಸಿ ಕಳಿಸಿದ್ದಾರೆ. ನನಗೇ ಸೀಲು ಒಡೆದು ತೋರಿಸುವವರೆಗೆ ನಂಬಿಕೆ ಬಂದಿರಲಿಲ್ಲ. ಆ ಮನುಷ್ಯನಿಗೆ ಮುಚ್ಚಿದ ಲಕೋಟೆಯ ಸೀಡಿ ಯಾವ ನಂಬಿಕೆ ಕೊಟ್ಟೀತು? ವೇಗವನ್ನು ಹಳೆಯ ಅಂಕಿಗೆ ಇಳಿಸಿದೆ. ಈ ಒಂದು ಕೆಲಸದಲ್ಲಿ ಯಾವ ಎಳೆಯ ಸಂಶಯವೂ ಉಳಿಯಬಾರದು. ಅಣ್ಣತಮ್ಮಂದಿರಿಬ್ಬರಿಗೂ ಫೋನು ಮಾಡಿಸಿ, ನಮ್ಮ ಮನೆಗೆ ಬಂದು ಕಣ್ಣಮುಂದೆಯೇ ಸೀಡಿ ಮಾಡಿಸಿಕೊಂಡು ಹೋಗಿ ಎಂದು ಹೇಳಿದೆ. ಗಂಡನಿಗೆ ಇದು ಸರಿಬರಲಿಲ್ಲ. ಮನೆಯೊಳಗೆ ಜಗಳ ಕರೆದುಕೊಂಡಿದ್ದಿ ಎಂದರು.

ಮುಂಜಾನೆ ಇಬ್ಬರೂ ಬಂದರು, ಬೇರೆ ಬೇರೆ ಬಸ್ಸಿನಲ್ಲಿ. ತಮ್ಮನಾದವರು ಎತ್ತರದ, ಬಿರುಸು ಮುಖದ ಮನುಷ್ಯ. ಅಣ್ಣ ಕೂತ ಕಡೆಗೆ ಬೆನ್ನು ಮಾಡಿ ಕೂತರು. ಮೊದಲು ಕ್ಯಾಸೆಟ್ಟನ್ನು ಟೀವಿಯಲ್ಲಿ ಹಚ್ಚಿದೆ.

"ಇದು ಯಾರ ಮನಿ?" ಎಂದರು ತಮ್ಮ, ಶಿಗ್ಲಿಯ ತೋರಣ ನೋಡಿ. "ಅಲ್ಲಿಗಿ ಅರ್ಧ ಅಳಿಸೀರಿ."

"ಹೌದ್ರಿ, ಅಳಿಸೀವಿ," ಎಂದೆ. "ಉಳದಿದ್ದನ್ನ ನೋಡ್ರಿ."

ಮುಂಡರಗಿಯ ಮಂಟಪ ಬಂತು. ಜನರ ನಡುವೆ ನಿಂತ ತಮ್ಮನೂ ಕೈ ಎತ್ತಿ ಅಕ್ಕಿಕಾಳು ಹಾಕಿದರು. ನೂಕುನುಗ್ಗಲಿನಲ್ಲಿ ಮುಂದಿದ್ದ ಅಣ್ಣನ ರುಮಾಲಿನ ಸೆರಗು ಸಡಿಲಾಗಿ ಜೋತುಬಿತ್ತು. ಅಣ್ಣನಿಗೆ ಅದು ಗೊತ್ತಿರಲಿಲ್ಲ, ಕಣ್ಣು ಮಗಳ ಮೇಲಿತ್ತು. ಹಿಂದಿನಿಂದ ತಮ್ಮನ ಕೈ ಬಂದು ಆ ಸೆರಗನ್ನು ಎತ್ತಿ ಸಿಕ್ಕಿಸಿ, ಹಿಂದೆ ಸರಿಯಿತು. ಕ್ಯಾಸೆಟ್ಟು ಮುಂದೆ ಓಡಿತು.

"ಹಿಂದಕ್ಕ ತಗೋರಿ," ಎಂದರು ಅಣ್ಣ.

ಹಿಂದಕ್ಕೆ ಓಡಿಸಿ ಮತ್ತೆ ತೋರಿಸಿದೆ. ತಮ್ಮ ಕೂತಲ್ಲೇ ಅಣ್ಣನ ಕಡೆಗೆ ಸ್ವಲ್ಪ ತಿರುಗಿದರು.

ಆ ಭಾಗವನ್ನು ಅವರೆದುರಿಗೇ ಕಂಪ್ಯೂಟರಿಗೆ ಇಳಿಸಿ, ಸೀಡಿಗೆ ತಯಾರಿಸಲು ಹಚ್ಚಿದೆ. ಹಳೆಯ ವೇಗದಲ್ಲಿ, ಕೆಲಸ ಎಷ್ಟಾಯಿತೆಂದು ತೋರಿಸುವ ಪರದೆಯ ಪಟ್ಟಿ ಇರುವೆಯಂತೆ ಸರಿಯುತ್ತಿತ್ತು. ಅವಲಕ್ಕಿ, ಚಹಾ ಕೊಟ್ಟೆ. "ಅವರಿಗೆ ಸಕ್ಕರಿ ಕಡಿಮಿ ಹಾಕ್ರಿ," ಎಂದು ತಮ್ಮ ನನಗೆ ಹೇಳಿದರು, ಅಣ್ಣ ಕೇಳಿಸಿಕೊಳ್ಳುವಂತೆ. ಮಧ್ಯಾಹ್ನ, ಇನ್ನೇನು ಮುಗಿಯಬೇಕು ಎನ್ನುವಾಗ ಕರೆಂಟು ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಹಿಡಿದು ಕೈಬಿಟ್ಟಿತು.

"ಬೇಕಂತ ತಗಿಸಿದ್ರೇನು?" ಎಂದರು ತಮ್ಮ.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಮಾತಾಡಿದರು. "ಹೊಂಬಳದಾಗ ಕರೆಂಟ್ ಹೋದ್ರ ಯಾರು ತಗಸ್ತಾರಲೇ? ಸುಮ್ನ ಕುಂಡ್ರು."

ಆ ದಿನ ಅವರಿಬ್ಬರ ನಡುವೆ ನೇರವಾಗಿ ನಡೆದ ಮೊದಲ ಮಾತು ಅದು. ತಮ್ಮ ಎದ್ದು ಹೋಗುತ್ತಾರೆಂದು ನಾನು ಹೆದರಿದೆ. ಅವರು ಸುಮ್ಮನೆ ಕೂತರು. ಮೊದಲಿನಿಂದ ಮಾಡಬೇಕು, ಸಂಜೆಯಾದೀತು ಎಂದು ಹೇಳಿದೆ. "ಆಗ್ಲಿ," ಎಂದರು ತಮ್ಮ. ಕರೆಂಟು ಬರುವವರೆಗೆ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು. ಅಡುಗೆಮನೆಗೆ ಅವರ ಮಾತು ಬಿಡಿಬಿಡಿಯಾಗಿ ಕೇಳುತ್ತಿತ್ತು. ಶೇಂಗಾದ ಮಾತು ಬಂತು, ಯಾರದೋ ಮೊಣಕಾಲು ನೋವಿನ ಮಾತು ಬಂತು. ಬದುವಿನ ಮಾತೂ ಬಂತು, ಆಗ ದನಿಗಳು ಏರಿದವು. ನಾನು ಸೌಟು ಹಿಡಿದು ನಿಂತೇ ಇದ್ದೆ. ಆಮೇಲೆ ಇಳಿದವು.

ಸಂಜೆಯ ಹೊತ್ತಿಗೆ ಎರಡು ಸೀಡಿ ತಯಾರಾದವು. ಎರಡನ್ನೂ ಮೊದಲಿನಿಂದ ಕೊನೆಯವರೆಗೆ ಓಡಿಸಿ ತೋರಿಸಿದೆ. ಒಂದನ್ನು ತಮ್ಮ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಅಂಗಿಯ ಒಳಕಿಸೆಗೆ ಇಳಿಸಿದರು. ಆಮೇಲೆ ನನ್ನ ಕಡೆ ಕೈಚಾಚಿದರು.

"ಕ್ಯಾಸೆಟ್ಟೂ ಕೊಡ್ರಿ. ಇಲ್ಲಂದ್ರ ಇದರ ಮ್ಯಾಲ ಮತ್ತ ಯಾರದೋ ಮನಿ ತಗೀತೀರಿ."

ಗಂಡ ನನ್ನ ಮುಖ ನೋಡಿದರು. ಶಿಗ್ಲಿಯ ಚಿತ್ರ ಆಗಲೇ ಕಂಪ್ಯೂಟರಿಗೆ ಇಳಿದಿತ್ತು. ನಾನು ಕ್ಯಾಸೆಟ್ಟನ್ನು ಕ್ಯಾಮರಾದಿಂದ ತೆಗೆದು ಕೊಟ್ಟೆ. ತಮ್ಮ ಅದನ್ನು ಅಂಗೈಯಲ್ಲಿಟ್ಟು ನೋಡಿ, ಅಣ್ಣನ ಕೈಗೆ ಹಾಕಿದರು.

"ನೀ ಇಟ್ಕೊ. ನನ್ನ ಮನ್ಯಾಗ ಇದನ್ನ ಹಚ್ಚೂ ಮಷಿನ್ ಇಲ್ಲ."

"ನನ್ನ ಮನ್ಯಾಗೂ ಇಲ್ಲಲೇ," ಎಂದರು ಅಣ್ಣ.

"ಇಲ್ಲದಿದ್ರ ಇರ್ಲಿ. ನಿನ್ನ ಹತ್ರ ಐತಿ ಅಂತ ಗೊತ್ತಿದ್ರ ಸಾಕು."

ಇಬ್ಬರೂ ಚಪ್ಪಲಿ ಮೆಟ್ಟಿ, ಗದಗಿನ ಕೊನೆಯ ಬಸ್ಸು ತಪ್ಪೀತೆಂದು ಒಂದೇ ಓಟದಲ್ಲಿ ಓಣಿ ದಾಟಿದರು.